ಜೋಳದ ಸ್ಪೆಲ್ಲಿಂಗ್

ಸಿಂಧನೂರಿನ ಒಂದು ಮನೆ, ಸಂಜೆ ಏಳರ ಹೊತ್ತು. ಆರನೇ ತರಗತಿಯ ಹುಡುಗಿ ನಡುಮನೆಯ ಗೋಡೆಗೆ ಬೆನ್ನು ಹಚ್ಚಿ ಕೂತು ಸ್ಪೆಲ್ಲಿಂಗ್ ಸ್ಪರ್ಧೆಯ ಪಟ್ಟಿ ಬಾಯಿಪಾಠ ಮಾಡುತ್ತಿದ್ದಳು. ಹಾಳೆಯನ್ನು ನನ್ನ ಕೈಗಿಟ್ಟು, 'ನೀವು ಕೇಳ್ರಿ ಕಾಕಾ, ನಾ ಹೇಳ್ತೀನಿ' ಅಂದಳು. ಪಟ್ಟಿಯ ನಡುವಿನಿಂದ ಒಂದು ಶಬ್ದ ಆರಿಸಿ ಓದಿದೆ: ಸೋರ್ಗಮ್. ಕಣ್ಣು ಮುಚ್ಚಿ ಒಂದೇ ಉಸಿರಿಗೆ ಹೇಳಿದಳು: 'ಎಸ್, ಓ, ಆರ್, ಜಿ, ಎಚ್, ಯು, ಎಮ್.' ಜಿ ಪಕ್ಕದ ಆ ಎಚ್ಚನ್ನು ದೊಡ್ಡವರೂ ಮರೆಯುತ್ತಾರೆ; ಅವಳು ಮರೆಯಲಿಲ್ಲ. 'ಹಂಗಂದ್ರ ಏನವ್ವ?' ಅಂತ ಕೇಳಿದೆ. 'ಅರ್ಥ ಕೇಳಂಗಿಲ್ರಿ ಕಾಕಾ, ಬರೇ ಸ್ಪೆಲ್ಲಿಂಗ್ ಕೇಳ್ತಾರ.' ಅಡುಗೆಮನೆಯಲ್ಲಿ ಅವಳ ಅಜ್ಜಿ ಜೋಳದ ರೊಟ್ಟಿ ಬಡಿಯುತ್ತಿದ್ದರು. ಆ ಸಪ್ಪಳ ನಮ್ಮ ಮಾತಿನ ನಡುನಡುವೆ ಕೇಳುತ್ತಲೇ ಇತ್ತು.

ಹುಡುಗಿಯ ಶ್ರಮ ದೊಡ್ಡದು, ಅದನ್ನು ಹಗುರವಾಗಿ ಕಾಣುವ ಮನಸ್ಸು ನನಗಿಲ್ಲ. ನನ್ನ ತಕರಾರು ಆ ಪಟ್ಟಿಯ ಹಿಂದೆ ನಿಂತಿರುವ ನಂಬಿಕೆಯ ಮೇಲೆ. ಸಿಂಧನೂರು, ಲಿಂಗಸುಗೂರು, ಮಸ್ಕಿ, ಎಲ್ಲಿ ಹೋದರೂ ಪಾಲಕರು ಹೇಳುವುದು ಒಂದೇ ಮಾತು. ನಮ್ಮದು ಹಿಂದುಳಿದ ಭಾಗ, ನಮ್ಮ ಮಕ್ಕಳಿಗೆ ಇಂಗ್ಲಿಷ್ ಶಬ್ದಗಳು ಗೊತ್ತಿಲ್ಲ, ದಿನಕ್ಕೆ ಹತ್ತು ಶಬ್ದ ಉರು ಹೊಡೆಸಿದರೆ ಬೆಂಗಳೂರಿನ ಮಕ್ಕಳ ಸಮಕ್ಕೆ ನಿಲ್ಲುತ್ತಾರೆ, ಮನೆಯಲ್ಲಿ ಆಡುವ ಮಾತೇ ಇದಕ್ಕೆಲ್ಲ ಅಡ್ಡಿ. ಈ ಮಾತಿನಲ್ಲಿರುವ ಸಂಕಟ ನಿಜ. ಆದರೆ ಅದು ಹೇಳುವ ಮದ್ದು ತಪ್ಪು. ಸ್ಪೆಲ್ಲಿಂಗ್ ಗೆಲ್ಲುವುದಕ್ಕೂ ಶಬ್ದಸಂಪತ್ತು ಬೆಳೆಯುವುದಕ್ಕೂ ಬೇಕಾದ ಮೊದಲ ಬಂಡವಾಳ ಹಲವು ಭಾಷೆಗಳ ಕಿವಿ. ಅದು ಈ ಮೂರು ತಾಲ್ಲೂಕಿನ ಮಕ್ಕಳಲ್ಲಿ ಹುಟ್ಟಿನಿಂದ ಇದೆ, ಪಟ್ಟಿ ಅದರ ಮೇಲೆ ಮಣ್ಣು ಎಳೆಯುತ್ತಿದೆ.

ಸ್ಪರ್ಧೆಯ ತವರಾದ ಅಮೆರಿಕದಲ್ಲಿ ಇದು ಹೇಗೆ ನಡೆಯುತ್ತದೆ ನೋಡೋಣ. ಅಲ್ಲಿ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆದದ್ದು 1925ರಲ್ಲಿ. 1985ರಲ್ಲಿ ಬಾಲು ನಟರಾಜನ್ ಗೆದ್ದ ಮೇಲೆ ಭಾರತೀಯ ಮೂಲದ ಮಕ್ಕಳ ಸಾಲೇ ಶುರುವಾಯಿತು. 2009ರಲ್ಲಿ ಕನ್ನಡಿಗ ಕುಟುಂಬದ ಕಾವ್ಯಾ ಶಿವಶಂಕರ್ ಗೆದ್ದಳು, 2015ರಲ್ಲಿ ಅವಳ ತಂಗಿ ವನ್ಯಾ ಜಂಟಿಯಾಗಿ ಗೆದ್ದಳು. 2019ರಲ್ಲಿ ಎಂಟು ಮಂದಿ ಒಟ್ಟಿಗೆ ವಿಜೇತರಾದರು, ಅವರಲ್ಲಿ ಏಳು ಮಂದಿ ಭಾರತೀಯ ಮೂಲದವರು. ನಮ್ಮಲ್ಲಿ ಪ್ರತಿ ಸಲವೂ ಇದನ್ನು ಭಾರತೀಯ ಮಕ್ಕಳ ನೆನಪಿನ ಶಕ್ತಿ ಎಂದು ಹೊಗಳುತ್ತೇವೆ. ಕಂಠಪಾಠದ ಜಯ ಎಂಬ ತಿಳಿವಳಿಕೆ ಊರೂರಿಗೆ ಹಬ್ಬಿದ್ದು ಹಾಗೆ.

ಆ ವೇದಿಕೆಯ ಮೇಲೆ ಮಗು ಮಾಡುವುದೇ ಬೇರೆ. ಶಬ್ದ ಕೇಳಿದ ಕೂಡಲೆ ಅಕ್ಷರ ಹೇಳಲು ಹೋಗುವುದಿಲ್ಲ, ಪ್ರಶ್ನೆ ಕೇಳುತ್ತದೆ. ಯಾವ ಭಾಷೆಯಿಂದ ಬಂದದ್ದು? ಅರ್ಥವೇನು? ಒಂದು ವಾಕ್ಯದಲ್ಲಿ ಬಳಸಿ ಹೇಳುತ್ತೀರಾ? ಇದಕ್ಕೆ ಬೇರೆ ಉಚ್ಚಾರವಿದೆಯೇ? ಈ ಪ್ರಶ್ನೆಗಳಿಗೆ ನಿಯಮದಲ್ಲೇ ಜಾಗವಿದೆ. ಗ್ರೀಕ್ ಮೂಲವೆಂದು ಗೊತ್ತಾದರೆ ಎಫ್ ದನಿಗೆ ಪಿ-ಎಚ್ ಬರೆಯಬೇಕೆಂದು ಮಗುವಿಗೆ ತಿಳಿಯುತ್ತದೆ. ಫ್ರೆಂಚ್ ಆದರೆ 'ಶ' ದನಿಗೆ ಸಿ-ಎಚ್, ಜರ್ಮನ್ ಆದರೆ ಎಸ್-ಸಿ-ಎಚ್. 2023ರಲ್ಲಿ ದೇವ್ ಶಾ ಗೆದ್ದ ಶಬ್ದ 'ಸ್ಯಾಮೊಫೈಲ್', ಮರಳಿನಲ್ಲಿ ಬೆಳೆಯುವ ಜೀವಿ ಎಂದರ್ಥ. ಮರಳು ಎಂಬ ಗ್ರೀಕ್ ಬೇರು, ಪ್ರಿಯ ಎಂಬ ಗ್ರೀಕ್ ಬೇರು, ಇವೆರಡನ್ನೂ ಆ ಹುಡುಗ ಕೇಳಿ ಖಚಿತಪಡಿಸಿಕೊಂಡೇ ಬಾಯಿ ತೆರೆದ. ಇಲ್ಲದಿದ್ದರೆ ಮುಂದೆ ಕೂತಿರುವ ಆ ಮೂಕ ಪಿ ಅಕ್ಷರ ಎಲ್ಲಿಂದ ಹೊಳೆಯಬೇಕು?

ಬರೀ ಅಕ್ಷರ ಸಾಲದೆಂದು ಸ್ಪರ್ಧೆ ನಡೆಸುವವರೇ ಒಪ್ಪಿಕೊಂಡರು. 2013ರಿಂದ ಅರ್ಥದ ಪರೀಕ್ಷೆ ಸೇರಿಸಿದರು, 2021ರಿಂದ ವೇದಿಕೆಯ ಮೇಲೂ ಅರ್ಥ ಕೇಳತೊಡಗಿದರು. 2022ರಲ್ಲಿ ಹರಿಣಿ ಲೋಗನ್ ಎಂಬ ಹುಡುಗಿ 'ಪುಲ್ಯುಲೇಷನ್' ಶಬ್ದದ ಅರ್ಥದಲ್ಲಿ ಎಡವಿದಳೆಂದು ಹೊರಬಿದ್ದಳು. ಆಮೇಲೆ ತೀರ್ಪುಗಾರರು ಮತ್ತೆ ಪರಿಶೀಲಿಸಿ, ಅವಳ ಉತ್ತರಕ್ಕೂ ಆಧಾರವಿದೆಯೆಂದು ವಾಪಸು ಕರೆದರು, ಕೊನೆಗೆ ಅವಳೇ ಗೆದ್ದಳು. ಅರ್ಥ ಎಂಬುದು ವಾದ ಮಾಡಿ ಗೆಲ್ಲಬಹುದಾದ ವಸ್ತುವೆಂದು ದೊಡ್ಡವರು ಒಪ್ಪಿದ ಗಳಿಗೆ ಅದು. ನಮ್ಮ ಹಾಳೆಯಲ್ಲಿ ಮಾತ್ರ ಅರ್ಥ ಕೇಳಂಗಿಲ್ಲ.

ಶಬ್ದದ ಮೂಲ ಹುಡುಕುವ ವಿದ್ಯೆ ನಮಗೆ ಹೊಸದಲ್ಲ. ಕನ್ನಡ ವ್ಯಾಕರಣದಲ್ಲಿ ತತ್ಸಮ, ತದ್ಭವ, ದೇಶ್ಯ, ಅನ್ಯದೇಶ್ಯ ಎಂದು ಕಲಿಸುತ್ತೇವೆ. ಸ್ತಂಭ ಕಂಬವಾಯಿತು, ಪ್ರಯಾಣ ಪಯಣವಾಯಿತು, ವಿಜ್ಞಾನ ಬಿನ್ನಣವಾಯಿತು. ಒಂದು ಭಾಷೆಯ ಶಬ್ದ ಇನ್ನೊಂದರ ಹೊಸ್ತಿಲು ದಾಟುವಾಗ ಯಾವ ದನಿ ಉದುರುತ್ತದೆ, ಯಾವುದು ಮೆತ್ತಗಾಗುತ್ತದೆ ಎಂಬ ಲೆಕ್ಕ ಅದು. ಅಮೆರಿಕದ ಮಗು ವರ್ಷಗಟ್ಟಲೆ ಕಲಿಯುವುದೂ ಇದೇ ಲೆಕ್ಕವನ್ನೇ. ಶಾಲೆಯಲ್ಲಿ ಕನ್ನಡ ಪಿರಿಯಡ್ ಮುಗಿದು ಇಂಗ್ಲಿಷ್ ಪಿರಿಯಡ್ ಶುರುವಾಗುವಷ್ಟರಲ್ಲಿ ಈ ವಿದ್ಯೆಯನ್ನು ಒರೆಸಿ ಹಾಕುತ್ತೇವೆ, ಹಲಗೆಯ ಜತೆಗೆ. ಕನ್ನಡ ಮಾಸ್ತರರೂ ಇಂಗ್ಲಿಷ್ ಮಾಸ್ತರರೂ ಒಂದೇ ಕೋಣೆಯಲ್ಲಿ ಚಹಾ ಕುಡಿಯುತ್ತಾರೆ, ಈ ಒಂದು ವಿಷಯ ಮಾತ್ರ ಅವರ ಮಾತಿನಲ್ಲಿ ಬರುವುದಿಲ್ಲ.

ಪಟ್ಟಿ ಮಾಡುವುದೂ ನಮಗೆ ಗೊತ್ತು. 13ನೇ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ರಳ, ಅಂದರೆ ೞ, ಇರುವ ಶಬ್ದಗಳನ್ನು ಸಾಲಾಗಿ ಕೊಟ್ಟಿದ್ದಾನೆ. ಜನರ ಬಾಯಲ್ಲಿ ಆ ದನಿ ಕರಗುತ್ತಿತ್ತು, ಬರೆಯುವ ಕವಿಗೆ ಮಾತ್ರ ಅದು ಬೇಕಿತ್ತು. ದನಿ ಹೋಗಿ ಅಕ್ಷರ ಉಳಿದಾಗಲೇ ಮನುಷ್ಯನಿಗೆ ಉರು ಹೊಡೆಯುವ ಪಟ್ಟಿ ಬೇಕಾಗುವುದು. ಕನ್ನಡ ಮುಂದೆ ಆ ಅಕ್ಷರವನ್ನೇ ಕೈಬಿಟ್ಟಿತು, ಇಂಗ್ಲಿಷ್ ತನ್ನ ಇಂಥ ಅಕ್ಷರಗಳನ್ನು ಬಿಡಲಿಲ್ಲ. ನಮ್ಮ ಮಕ್ಕಳು ತಡವರಿಸುವುದು ದಡ್ಡತನದಿಂದಲ್ಲ ಎಂಬುದಕ್ಕೆ ಇಷ್ಟು ಸಾಕು. ಬರೆದ ಹಾಗೆ ಓದುವ ಲಿಪಿಯಲ್ಲಿ ಪಳಗಿದ ಮಗು, ಓದಿದ ಹಾಗೆ ಬರೆಯಲಾಗದ ಲಿಪಿಯೆದುರು ನಿಂತು ಕಾರಣ ಕೇಳುತ್ತದೆ. ಆ ಕಾರಣವನ್ನು ನಾವು ಹೇಳುವುದಿಲ್ಲ.

ಈಗ ಈ ನೆಲಕ್ಕೆ ಬರೋಣ. ತುಂಗಭದ್ರಾ ಎಡದಂಡೆ ನಾಲೆಯ ನೀರು ಬಂದ ಮೇಲೆ ಸಿಂಧನೂರಿನ ಸುತ್ತ ಆಂಧ್ರದಿಂದ ಬಂದವರ ಕ್ಯಾಂಪ್‌ಗಳಾದವು, ಎರೆಭೂಮಿಯಲ್ಲಿ ನೆಲ್ಲು ನಿಂತಿತು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಆರ್.ಎಚ್. ಕ್ಯಾಂಪ್‌ಗಳಾದವು, ಅಲ್ಲಿ ಇಂದಿಗೂ ಮನೆಮಾತು ಬಂಗಾಳಿ. ಲಿಂಗಸುಗೂರಿನ ತಾಂಡಾಗಳಲ್ಲಿ ಲಂಬಾಣಿ, ಸಂತೆಬಜಾರಿನಲ್ಲಿ ದಖನಿ ಉರ್ದು. 1956ರವರೆಗೆ ಹೈದರಾಬಾದಿಗೆ ಸೇರಿದ್ದ ನಾಡು ಇದು, ಕಚೇರಿಯ ಶಬ್ದಗಳು ಪಾರ್ಸಿ-ಅರಬ್ಬಿಯವು, ಆಸ್ಪತ್ರೆಗೆ ಈಗಲೂ ದವಾಖಾನಿ ಅನ್ನುತ್ತೇವೆ. ಇಂಥ ಒಂದು ತರಗತಿಯ ಹಲಗೆಯ ಮೇಲೆ 'ಜೋಳ' ಎಂದು ಬರೆದು ಕೇಳಿ ನೋಡಿ. ಕ್ಯಾಂಪಿನ ಹುಡುಗ ಜೊನ್ನಲು ಅನ್ನುತ್ತಾನೆ, ದಖನಿ ಮಾತಿನ ಹುಡುಗಿ ಜವಾರಿ ಅನ್ನುತ್ತಾಳೆ. ಜೋವರ್ ಎಂಬ ರೂಪ ಇಂಗ್ಲಿಷ್ ನಿಘಂಟಿನಲ್ಲೇ ಇದೆ. ಸೋರ್ಗಮ್ ಇಟಲಿ ಕಡೆಯಿಂದ ಬಂದ ಹೆಸರು, ಆ ಮೂಕ ಎಚ್ ಅದಕ್ಕೆ ಅಂಟಿಕೊಂಡು ಬಂದದ್ದು. ಇಷ್ಟು ಹೇಳಲು ಹತ್ತು ನಿಮಿಷ ಸಾಕು, ಆಮೇಲೆ ಆ ಮಗು ಆ ಎಚ್ಚನ್ನು ಮರೆಯುವುದಿಲ್ಲ.

ಇಂಗ್ಲಿಷಿನ ನಿಘಂಟಿನಲ್ಲಿ ನಮ್ಮೂರಿನ ಶಬ್ದಗಳು ಎಷ್ಟಿವೆ ಎಂದು ಪಾಲಕರಿಗೆ ತಿಳಿದರೆ ಅಳುಕು ಅರ್ಧ ಇಳಿಯುತ್ತದೆ. ಕಚೇರಿ ಅಲ್ಲಿ 'ಕಚೆರಿ' ಎಂಬ ದನಿಯಲ್ಲೇ ಇದೆ: ಸಿ-ಯು-ಟಿ-ಸಿ-ಎಚ್-ಇ-ಆರ್-ಆರ್-ವೈ. ರೈತ 'ರಯಟ್' ಆಗಿ, ನಾಲಾ 'ನಲ್ಲಾ' ಆಗಿ ಕೂತಿದ್ದಾರೆ. ಭೂಗೋಳದ ಪುಸ್ತಕದಲ್ಲಿ ರೇಗರ್ ಎಂದು ಓದುವ ಕಪ್ಪು ಮಣ್ಣಿಗೆ ತೆಲುಗಿನ ರೇಗಡಿ ಮೂಲ. ಕ್ಯಾಂಪಿನ ಮಗು ಅದನ್ನು ಮನೆಯಲ್ಲೇ ಕೇಳಿರುತ್ತದೆ, ನಮ್ಮ ಮಗು ಅದೇ ಮಣ್ಣನ್ನು ಎರೆ ಅನ್ನುತ್ತದೆ. 'ಥಗ್' ಶಬ್ದ ಇಂಗ್ಲಿಷಿನಲ್ಲಿ ಮನೆಮಾತಾದದ್ದು 1839ರ 'ಕನ್ಫೆಷನ್ಸ್ ಆಫ್ ಎ ಥಗ್' ಕಾದಂಬರಿಯಿಂದ. ಅದನ್ನು ಬರೆದ ಮೆಡೋಸ್ ಟೇಲರ್ ಮುಂದೆ ನಮ್ಮ ನೆರೆಯ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡವನು. ನಮ್ಮ 'ಠಕ್ಕ' ಆ ಶಬ್ದದ ದಾಯಾದಿ. 2021ರಲ್ಲಿ ಜೈಲಾ ಅವಾಂ-ಗಾರ್ಡ್ ಅಮೆರಿಕದ ಆ ಸ್ಪರ್ಧೆ ಗೆದ್ದದ್ದು 'ಮರೆಯಾ' ಎಂಬ ಸಸ್ಯದ ಹೆಸರಿನಿಂದ; ಒಗ್ಗರಣೆಗೆ ಹಾಕುವ ಕರಿಬೇವನ್ನು ಸಸ್ಯಶಾಸ್ತ್ರ ಬಹುಕಾಲ ಇಟ್ಟದ್ದು ಅದೇ ಕುಲದಲ್ಲಿ.

ಹಾಗಾದರೆ ಸ್ಪೆಲ್ಲಿಂಗಿಗೆ ಬೆಲೆಯಿಲ್ಲವೇ ಎಂದು ಯಾರಾದರೂ ಕೇಳಬಹುದು. ಮಸ್ಕಿಯವರಾದ ನಾವು ಹಾಗೆ ಹೇಳಲಾರೆವು. 1915ರಲ್ಲಿ ಚಿನ್ನದ ಹುಡುಕಾಟದಲ್ಲಿದ್ದ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಿದ್ದ ಮಸ್ಕಿಯ ಬಂಡೆಯ ಮೇಲೆ ಮೂರು ಅಕ್ಷರದ ಒಂದು ಹೆಸರಿತ್ತು. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲೆಲ್ಲ ದೇವಾನಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ. ಆ ರಾಜ ಅಶೋಕನೇ ಎಂಬುದಕ್ಕೆ ಕಲ್ಲಿನ ಸಾಕ್ಷಿ ಸಿಕ್ಕಿದ್ದು ಇಲ್ಲಿ. ಎಚ್. ಕೃಷ್ಣಶಾಸ್ತ್ರಿಗಳು ಆ ಶಾಸನವನ್ನು ಅದೇ ವರ್ಷ ಓದಿ ಪ್ರಕಟಿಸಿದರು. ಅಕ್ಷರ ಸರಿಯಾಗಿ ಓದಿದ್ದರಿಂದ ಇತಿಹಾಸದ ಒಂದು ಪ್ರಶ್ನೆಯೇ ಇತ್ಯರ್ಥವಾದ ಊರು ನಮ್ಮದು.

ಆ ಬಂಡೆಯಲ್ಲಿ ಹೆಸರು ಇರುವುದು ಪ್ರಾಕೃತದ ಸಕಾರದಲ್ಲಿ, ಅಸೋಕ ಎಂದು. ಇವತ್ತಿನ ಉಕ್ತಲೇಖನದಲ್ಲಿ ಮಗು ಹಾಗೆ ಬರೆದರೆ ಕೆಂಪು ಗೆರೆ ಬೀಳುತ್ತದೆ. ಅದೇ ಚಕ್ರವರ್ತಿಯ ಶಾಸನಗಳು ಗಿರ್ನಾರಿನಲ್ಲಿ 'ರಾಜಾ' ಎಂದರೆ, ಒಡಿಶಾದ ಧೌಲಿಯಲ್ಲಿ 'ಲಾಜಾ' ಅನ್ನುತ್ತವೆ. ಆಯಾ ಸೀಮೆಯ ಜನರ ನಾಲಿಗೆಗೆ ತಕ್ಕಂತೆ ಅಕ್ಷರ ಕೊರೆಸಿದರು. ಕಾಗುಣಿತ ಜನರ ನಡುವೆ ಆದ ಒಪ್ಪಂದ, ಅದಕ್ಕೂ ಊರು, ಕಾಲ, ಕಾರಣ ಇರುತ್ತವೆ. 2014ರ ನವೆಂಬರ್ 1ರಂದು ನಮ್ಮ ಸರ್ಕಾರವೇ ಹನ್ನೆರಡು ಊರುಗಳ ಇಂಗ್ಲಿಷ್ ಕಾಗುಣಿತ ಬದಲಿಸಿತು. ಹಿಂದಿನ ದಿನದವರೆಗೆ ಸರಿಯಿದ್ದ ಉತ್ತರ ಮರುದಿನ ತಪ್ಪಾಯಿತು. ಇದನ್ನು ತಿಳಿದ ಮಗು ಅಕ್ಷರಕ್ಕೆ ಹೆದರುವುದಿಲ್ಲ, ಗೌರವ ಕೊಡುತ್ತದೆ.

ಪಾಲಕರ ಅವಸರ ನನಗೆ ಅರ್ಥವಾಗುತ್ತದೆ. ನವೋದಯ, ಮೊರಾರ್ಜಿ ಪ್ರವೇಶ ಪರೀಕ್ಷೆಯಿಂದ ಹಿಡಿದು ನೀಟ್‌ವರೆಗೆ ಮಕ್ಕಳ ಮುಂದೆ ಬಾಗಿಲುಗಳ ಸಾಲೇ ಇದೆ, ಮೇಲಿನ ಬಾಗಿಲುಗಳ ಕೀಲಿ ಇಂಗ್ಲಿಷ್. ಬಡವರ ಮಗು ಇಂಗ್ಲಿಷ್ ಕಲಿಯಬಾರದು ಎನ್ನುವ ಹಕ್ಕು ಯಾರಿಗೂ ಇಲ್ಲ. ವೇದಿಕೆ ಹತ್ತಿ ಮೈಕಿನ ಮುಂದೆ ನಿಂತ ಮಗುವಿಗೆ ಬರುವ ಧೈರ್ಯವನ್ನೂ ಕಂಡಿದ್ದೇನೆ. ಬಾಯಿಪಾಠಕ್ಕೂ ನಾನು ವಿರೋಧಿಯಲ್ಲ, ಮಗ್ಗಿ ಬಾಯಿಪಾಠ ಮಾಡಿಯೇ ನಾವೆಲ್ಲ ಲೆಕ್ಕ ಕಲಿತದ್ದು. ಆದರೆ ಮಗ್ಗಿ ಸಂತೆಯಲ್ಲಿ ಮರುದಿನವೇ ಕೆಲಸಕ್ಕೆ ಬರುತ್ತದೆ. ಅರ್ಥ ಗೊತ್ತಿಲ್ಲದ ಶಬ್ದವನ್ನು ಮಗು ಎಲ್ಲೂ ಆಡುವುದಿಲ್ಲ, ಬರೆಯುವುದಿಲ್ಲ, ಸ್ಪರ್ಧೆಯ ಮರುವಾರ ಅದು ಬಾಯಿಂದ ಜಾರಿಹೋಗುತ್ತದೆ. ಫೀಸು ಕಟ್ಟಿದ್ದು, ರಾತ್ರಿ ನಿದ್ದೆಗೆಟ್ಟದ್ದು ಉಳಿಯುತ್ತದೆ.

ಈ ಸ್ಪರ್ಧೆಯ ಸ್ಪೆಲ್ಲಿಂಗ್ 'ಬೀ' ಎಂಬ ಹೆಸರಿನ ಬೀ ಜೇನುಹುಳವಲ್ಲವೆಂದು ಈಗ ಬಹುಪಾಲು ನಿಘಂಟುಕಾರರು ಒಪ್ಪುತ್ತಾರೆ. ನೆರೆಹೊರೆಯವರು ಒಬ್ಬರ ಕೆಲಸಕ್ಕೆ ಎಲ್ಲರೂ ಕೂಡಿ ಬರುವುದಕ್ಕೆ ಆ ಹೆಸರಿತ್ತು. ಮುಸುಕಿನ ಜೋಳದ ತೆನೆ ಸುಲಿಯುವುದಕ್ಕೆ ಅಮೆರಿಕದ ಹಳ್ಳಿಗರು ಹೀಗೆ ಕೂಡುತ್ತಿದ್ದರು. ನಮ್ಮಲ್ಲಿ ಇದಕ್ಕೆ ಮುಯ್ಯಾಳು ಎಂಬ ಹೆಸರಿದೆ. ಒಂದು ಮಗು ಗೆದ್ದು ಮೂವತ್ತು ಮಕ್ಕಳು ಸೋಲುವ ಆಟವನ್ನು ತಿಂಗಳಿಗೊಮ್ಮೆ ಆಡಿಸಿ, ಬೇಡವೆನ್ನುವುದಿಲ್ಲ. ಉಳಿದ ದಿನ ಮುಯ್ಯಾಳಿನಂತೆ ಒಂದು ಶಬ್ದಕ್ಕೆ ತರಗತಿಯೆಲ್ಲ ಕೈಹಾಕಲಿ. ಮೈಕಿನ ಮುಂದೆ ಕೇಳುವ ಆ ನಾಲ್ಕು ಪ್ರಶ್ನೆಗಳನ್ನು ಗೋಡೆಯ ಮೇಲೆ ಬರೆಸಿ. ಕನ್ನಡ ಮಾಸ್ತರರನ್ನೂ ಕರೆಯಿರಿ.

ಆ ಸಂಜೆ ನಾನು ಪಟ್ಟಿಯ ಹಾಳೆ ಮಡಿಚಿ ಇಟ್ಟು, 'ಈಗ ನೀ ಕೇಳು, ನಾ ಹೇಳ್ತೀನಿ' ಅಂದೆ. ಹುಡುಗಿ ಅಡುಗೆಮನೆಯ ಕಡೆ ನೋಡಿದಳು. ತೆನೆಗೆ ಏನಂತಾರ, ಕೂಳೆಗೆ ಏನಂತಾರ ಎಂದು ಕೇಳುತ್ತ ಹೋದಳು. ಕೂರಿಗೆಯವರೆಗೆ ಹೇಗೋ ಹೇಳಿದೆ. ರವದಿಗೆ ಬಂದಾಗ ತೊದಲಿದೆ. ಒಳಗಿನಿಂದ ಅಜ್ಜಿ, 'ಸೀತನಿಗೆ ಏನಂತಾರ ಕೇಳವ್ವ' ಅಂದರು. ಎಳೆ ಜೋಳದ ತೆನೆಯನ್ನು ಹೊಲದಲ್ಲೇ ಕೆಂಡದ ಮೇಲೆ ಸುಟ್ಟು, ಬಿಸಿಯಿರುವಾಗಲೇ ತಿಕ್ಕಿ ಕಾಳು ಬಿಡಿಸಿ ತಿನ್ನುವುದಕ್ಕೆ ಇಂಗ್ಲಿಷಿನಲ್ಲಿ ಒಂದೇ ಶಬ್ದ ನನಗೆ ಹೊಳೆಯಲಿಲ್ಲ. ಹುಡುಗಿ ನೋಟ್‌ಬುಕ್ಕಿನ ಕೊನೆಯ ಹಾಳೆ ತೆರೆದು, ತಾನೇ ಇಂಗ್ಲಿಷಿನಲ್ಲಿ ಬರೆಯಲು ಶುರುಮಾಡಿದಳು. ಎಸ್ ಬರೆದಳು, ಎರಡು ಇ ಬರೆದಳು, ಅಲ್ಲಿಗೆ ಪೆನ್ನು ನಿಂತಿತು.

'ಕಾಕಾ, ತಕಾರಕ್ಕ ಟಿ ಒಂದೇ ಸಾಕೇನ್ರಿ, ಇಲ್ಲಾಂದ್ರ ಎಚ್ ಹಚ್ಚಬೇಕೇನ್ರಿ?'