ದಂಡೆಯ ಒಲೆ, ದಂಡದ ಚೀಟಿ

ರಜೆ ಬಂತೆಂದರೆ ಗೋವಾದ ಕಲಂಗೂಟ್, ಬಾಗಾ, ಕೋಲ್ವಾ ಕಡಲತೀರಗಳಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಬಸ್ಸುಗಳು ಬರುತ್ತವೆ. ಮಹಾರಾಷ್ಟ್ರದಿಂದಲೂ ಬರುತ್ತವೆ. ರಾತ್ರಿಯಿಡೀ ಓಡಿ ಬಂದ ಬಸ್ಸು ನಿಂತ ಕೂಡಲೇ ಡಿಕ್ಕಿಯಿಂದ ಸಿಲಿಂಡರು, ಬರ್ನರು, ಎರಡಾಳು ಹಿಡಿದು ಎತ್ತುವ ಪಾತೇಲೆ ಇಳಿಯುತ್ತವೆ. ಅರ್ಧ ಗಂಟೆಯಲ್ಲಿ ರಸ್ತೆ ಬದಿಯಲ್ಲೇ ಉಪ್ಪಿಟ್ಟಿನ ಒಗ್ಗರಣೆ ಸಿಡಿಯುತ್ತದೆ. ಗೋವಾ ಸರ್ಕಾರ ಈ ಅಡುಗೆಯನ್ನು ಅಪರಾಧವೆಂದು ಸಾರಿ ವರ್ಷಗಳಾದವು. ಪ್ರವಾಸಿ ತಾಣಗಳ ರಕ್ಷಣೆಗೆಂದು 2001ರಲ್ಲಿ ಮಾಡಿದ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ತಂದು, ಬಯಲಲ್ಲಿ ಕುಡಿಯುವುದು ಮತ್ತು ಬಾಟಲಿ ಒಡೆಯುವುದರ ಜೊತೆಗೆ ಬಯಲಲ್ಲಿ ಅಡುಗೆ ಮಾಡುವುದನ್ನೂ ಉಪದ್ರವಗಳ ಸಾಲಿಗೆ ಸೇರಿಸಲಾಯಿತು. ಒಬ್ಬರಿಗೆ 2,000 ರೂಪಾಯಿ, ಗುಂಪಿಗೆ 10,000 ರೂಪಾಯಿ ದಂಡ. 2022ರಲ್ಲಿ ಪ್ರವಾಸೋದ್ಯಮ ಇಲಾಖೆ ಹೊರಡಿಸಿದ ಆದೇಶ ಇದನ್ನು 5,000ದಿಂದ 50,000 ರೂಪಾಯಿಯವರೆಗೆ ಏರಿಸಿತು. ಈ ಅಡುಗೆಯ ಬಗ್ಗೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಇದು ಕೊಳಕು ಜನರ ಕೆಟ್ಟ ಚಾಳಿ ಎನ್ನುವುದು ಅಲ್ಲಿಯ ಮಾತು. ಇದು ಬಡವರ ಪ್ರವಾಸದ ಹಕ್ಕು ಎನ್ನುವುದು ಇಲ್ಲಿಯದು. ಎರಡೂ ಅರ್ಧ ದಾರಿಯಲ್ಲೇ ನಿಂತುಬಿಡುತ್ತವೆ. ಬಯಲಲ್ಲಿ ಮನೆಮಂದಿಗೆಲ್ಲ ಅಡುಗೆ ಮಾಡುವುದು ಒಂದು ಹಳೆಯ ವಿದ್ಯೆ, ಅದಕ್ಕೆ ಅದರದೇ ಶಿಸ್ತಿದೆ. ಆ ಶಿಸ್ತು ಎಲ್ಲಿಂದ ಬರುತ್ತಿತ್ತು, ಗೋವಾದ ದಂಡೆಯಲ್ಲಿ ಏಕೆ ಕೈಬಿಟ್ಟಿತು ಎಂಬುದನ್ನು ನೋಡದೆ ಒಲೆಯನ್ನು ದೂರುವುದೂ ಸಲ್ಲದು, ಹೊಗಳುವುದೂ ಸಲ್ಲದು.

ಹೊರಗೆ ಉಣ್ಣುವುದು ಉತ್ತರ ಕರ್ನಾಟಕದ ಒಕ್ಕಲು ಮನೆತನಗಳಿಗೆ ಹೊಸ ಶೋಕಿ ಅಲ್ಲ. ಎಳ್ಳ ಅಮವಾಸ್ಯೆಯಂದು ಸಜ್ಜಿ ರೊಟ್ಟಿ, ಕಡಬು, ಪುಂಡಿಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲಿ, ಬೆಳೆದ ಜೋಳದ ನಡುವೆ ಕೂತು ಉಣ್ಣುತ್ತಾರೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಹೋದ ಕುಟುಂಬಗಳು ಗುಡ್ಡದ ಮೇಲೆಯೇ ಕಲ್ಲು ಹೂಡಿ, ಹೋಳಿಗೆ, ಬದನೆಕಾಯಿ ಪಲ್ಯ, ಅನ್ನ ಮಾಡಿ, ದೇವಿಯ ಎಡೆಯ ಬುಟ್ಟಿಯಾದ ಪಡ್ಡಲಗಿ ತುಂಬಿಸಿದ ಮೇಲೆಯೇ ತಾವು ಎಲೆ ಹಾಕುವುದು. ಗೋವಾಕ್ಕೂ ಇದು ಪರಕೀಯವಲ್ಲ. ಹಳ್ಳಿಮನೆಯ ಅಂಗಳದಲ್ಲಿ ಮೂರು ಕಲ್ಲಿನ ಮೇಲೆ ತಾಮ್ರದ ಹಂಡೆಯಿಟ್ಟು ಭತ್ತ ಬೇಯಿಸಿಯೇ ಅಲ್ಲಿ ಕುಸುಬಲಕ್ಕಿ ಮಾಡುತ್ತಿದ್ದರು. ಕಾರ್ತಿಕದಲ್ಲಿ ನೆಲ್ಲಿ ಮರದ ಕೆಳಗೆ ನಡೆಯುವ ವನಭೋಜನ ಅಲ್ಲಿಯೂ ಇದೆ, ಅಲ್ಲಿಂದ ಬಂದ ಸಾರಸ್ವತರ ಮೂಲಕ ನಮ್ಮ ಕರಾವಳಿಯ ದೇವಸ್ಥಾನಗಳಲ್ಲಿಯೂ ಇದೆ. ಕ್ರೈಸ್ತರ ಮದುವೆಯ ಅಡುಗೆಗೆ ಮನೆ ಮುಂದಿನ ಚಪ್ಪರವೇ ಅಡುಗೆಮನೆಯಾಗುತ್ತಿತ್ತು. ಹೊಲಕ್ಕೆ, ಗುಡ್ಡಕ್ಕೆ, ಅಂಗಳಕ್ಕೆ, ನೆಲ್ಲಿ ಮರದ ಬುಡಕ್ಕೆ ಉಂಡವರು ಮತ್ತೆ ಬರಲೇಬೇಕು. ಹೊಲದಲ್ಲಿ ಪತ್ರಾವಳಿ ಬಿಸಾಡಿದರೆ ಮರುದಿನ ಎತ್ತಬೇಕಾದವರು ತಾವೇ. ಅಂಗಳದ ಒಲೆಯ ಬೂದಿ ಬಳಿಯದಿದ್ದರೆ ಅತ್ತೆಯೋ ನೆರೆಯವರೋ ಕೇಳದೆ ಬಿಡುವುದಿಲ್ಲ. ವಾಸ್ಕೋದ ಬಳಿಯ ಜುವಾರಿನಗರದಲ್ಲಿ, ಮಡಗಾಂವದ ಮೋತಿ ಡೋಂಗರದಲ್ಲಿ ನೆಲೆ ನಿಂತ ಕನ್ನಡದ ಕೂಲಿ ಕುಟುಂಬಗಳ ಮಾತೂ ಇದೇ. ಒಂದೇ ಕೋಣೆಯ ಮನೆಯಲ್ಲಿ ಹೊಗೆ ಹಿಡಿಸದೆ ಬಾಗಿಲಾಚೆ ಒಲೆ ಹೂಡಿ ರೊಟ್ಟಿ ಬಡಿಯುವವರು ಆ ಜಾಗವನ್ನು ಗುಡಿಸಿ ನೀರು ಚಿಮುಕಿಸಿಯೇ ಇಟ್ಟಿರುತ್ತಾರೆ, ಸಂಜೆ ಅಲ್ಲೇ ಮತ್ತೆ ಬೆಂಕಿ ಹಚ್ಚಬೇಕಲ್ಲ! ಬಯಲೊಲೆಯನ್ನು ಚೊಕ್ಕವಾಗಿಟ್ಟಿದ್ದು ಹೀಗೆ ಅದೇ ಜಾಗಕ್ಕೆ ಮರಳುವ ಅಗತ್ಯ. ಎರಡು ಗಂಟೆ ನಿಂತು ಹೋಗುವ ಬಸ್ಸಿಗೆ ಆ ಅಗತ್ಯವಿಲ್ಲ. ಕೇಳುವ ಅತ್ತೆಯೂ ಅಲ್ಲಿಲ್ಲ.

ಮರಳ ಮೇಲೆ ಬೆಂಕಿ ಹೂಡುವವರಿಗೆ ನೆಲದ ಗುಣವೇ ಗೊತ್ತಿರುವುದಿಲ್ಲ ಎಂಬುದು ಇದಕ್ಕಿಂತ ದೊಡ್ಡ ತೊಡಕು. ಹೊಲದಲ್ಲಿ ಒಲೆ ಆರಿಸಬೇಕಾದರೆ ಮಣ್ಣು ಎಳೆದು ಮುಚ್ಚುವುದು ರೂಢಿ, ಅಲ್ಲಿ ಅದು ನಡೆಯುತ್ತದೆ. ಕಡಲತೀರದಲ್ಲಿ ಕೆಂಡದ ಮೇಲೆ ಮರಳು ಎಳೆದರೆ ಬೆಂಕಿ ಕಣ್ಣಿಗೆ ಮರೆಯಾಗುತ್ತದೆ, ಕಾವು ಒಳಗೇ ಉಳಿಯುತ್ತದೆ. ಮೇಲೆ ತಣ್ಣಗೆ ಕಾಣುವ ಮರಳಿನಡಿ ಗಂಟೆಗಟ್ಟಲೆ ಕೆಂಡ ಜೀವ ಹಿಡಿದಿರುತ್ತದೆ. ಬರಿಗಾಲಲ್ಲಿ ಓಡುವ ಮಗು ಅದರ ಮೇಲೆ ಕಾಲಿಟ್ಟರೆ ಅಂಗಾಲು ಸುಟ್ಟುಹೋಗುತ್ತದೆ. ಅಲ್ಲಿ ಬೆಂಕಿ ಆರಿಸಬೇಕಾದ್ದು ನೀರಿನಿಂದ, ಸುರಿದು, ಕೆದಕಿ, ಮತ್ತೆ ಸುರಿದು. ಮಧ್ಯಾಹ್ನದ ಹೊತ್ತಿಗೆ ಕಡಲ ಕಡೆಯಿಂದ ಬೀಸುವ ಗಾಳಿ ಉರಿಯನ್ನು ಪಾತ್ರೆಯ ಕೆಳಗೆ ನಿಲ್ಲಗೊಡುವುದಿಲ್ಲ. ಅದಕ್ಕೆಂದೇ ಬಸ್ಸಿನ ಮರೆಯಲ್ಲಿ, ಡೀಸೆಲ್ ಟ್ಯಾಂಕಿನ ಪಕ್ಕದಲ್ಲಿ ಬರ್ನರು ಹಚ್ಚುವವರಿದ್ದಾರೆ. ಗ್ಯಾಸಿನ ವಿಷಯದಲ್ಲಿ ನಮ್ಮ ಉಡಾಫೆಗೆ ಬೆಲೆ ತೆತ್ತ ಉದಾಹರಣೆ ದೂರದ್ದಲ್ಲ: 2023ರ ಆಗಸ್ಟ್‌ನಲ್ಲಿ ಮದುರೆಯಲ್ಲಿ ನಿಂತಿದ್ದ ಪ್ರವಾಸಿ ರೈಲು ಬೋಗಿಗೆ, ಒಳಗೆ ಕದ್ದುಮುಚ್ಚಿ ತಂದಿದ್ದ ಸಿಲಿಂಡರಿನಿಂದ ಬೆಂಕಿ ಹತ್ತಿ 9 ಮಂದಿ ತೀರಿಕೊಂಡರು. ಇನ್ನು ಎಂಜಲು. ಚೆಲ್ಲಿದ ಅನ್ನಕ್ಕೆ, ಮುಸುರೆ ನೀರಿಗೆ ಬೀದಿನಾಯಿಗಳು ಬರುತ್ತವೆ, ಬಂದವು ಅಲ್ಲೇ ಉಳಿಯುತ್ತವೆ. ಮೋರ್ಜಿ, ಅಗೋಂದಾ, ಗಾಲ್ಜಿಬಾಗ್ ತೀರಗಳಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡುತ್ತವೆ. ಆ ಗೂಡುಗಳನ್ನು ಕೆದರಿ ತಿನ್ನುವವರಲ್ಲಿ ನಾಯಿಗಳು ಮುಂದು. ಇಂಥ ತೀರಗಳಲ್ಲಿ ಒಲೆಗೆ ಜಾಗವೇ ಇರಬಾರದು, ಇದರಲ್ಲಿ ಎರಡು ಮಾತಿಲ್ಲ. ಕಾಡಂಚಿನಲ್ಲಿ ಟೆಂಟ್ ಹಾಕಿ ಅಡುಗೆ ಮಾಡುವವರಿಗೂ ಇದೇ ಮಾತು ಸಲ್ಲುತ್ತದೆ. 2023ರ ಮಾರ್ಚ್‌ನಲ್ಲಿ ಮಹದಾಯಿ ವನ್ಯಧಾಮದ ಸುತ್ತಮುತ್ತ ದಿನಗಟ್ಟಲೆ ಕಾಡು ಉರಿದಿತ್ತು. ಬೇಸಿಗೆಯ ಒಣ ತರಗೆಲೆಗೆ ಒಂದು ಕಿಡಿ ಸಾಕು.

ಇಷ್ಟು ದೋಷಗಳಿದ್ದ ಮೇಲೆ ನಿಷೇಧ ಸರಿಯೇ ಅಲ್ಲವೇ ಎಂದು ಕೇಳಬಹುದು. ಆಮೆಯ ತೀರಕ್ಕೆ, ಕಾಡಿಗೆ ಸರಿ. ಉಳಿದೆಡೆ ಅದು ಗುರಿ ತಪ್ಪಿದೆ. ಕಾಯ್ದೆ ಹಿಡಿಯುವುದು ಅಡುಗೆಯನ್ನು, ಆದರೆ ಊರನ್ನು ಹಾಳು ಮಾಡುವುದು ಅಡುಗೆಯ ನಂತರದ ಅರ್ಧ ಗಂಟೆ. ಪಾತ್ರೆ ತೊಳೆದ ನೀರು ಎಲ್ಲಿಗೆ ಹೋಯಿತು, ತಟ್ಟೆ ಲೋಟ ಎಲ್ಲಿ ಬಿದ್ದವು, ಕೆಂಡ ಆರಿತೇ ಇಲ್ಲವೇ ಎಂದು ಅಡುಗೆಗೆ ಹಾಕುವ ದಂಡದ ಚೀಟಿ ಕೇಳುವುದಿಲ್ಲ. ಎಲ್ಲ ಬಳಿದು ತೊಳೆದು ಕಸ ಕಟ್ಟಿಕೊಂಡು ಹೊರಟ ಕುಟುಂಬಕ್ಕೂ, ಎಂಜಲೆಲೆ ಹರವಿ ಹೋದ ಗುಂಪಿಗೂ ಕಾಯ್ದೆಯ ಕಣ್ಣಲ್ಲಿ ಭೇದವಿಲ್ಲದಿದ್ದರೆ ಚೊಕ್ಕವಾಗಿರಲು ಕಾರಣವೇ ಉಳಿಯುವುದಿಲ್ಲ. ಸಿಕ್ಕಿಬೀಳದಂತೆ ಸೇತುವೆಯಡಿ, ಗೇರು ಗುಡ್ಡದ ಮರೆಯಲ್ಲಿ ಒಲೆ ಹೂಡುವುದೊಂದೇ ಜಾಣತನವಾಗುತ್ತದೆ, ಮತ್ತು ಅಲ್ಲಿ ಹೊತ್ತಿಸಿದ ಬೆಂಕಿ ದಂಡೆಯ ಬೆಂಕಿಗಿಂತ ಅಪಾಯದ್ದು. ಪರವಾನಗಿ ಪಡೆದ ಶ್ಯಾಕುಗಳಲ್ಲಿ, ಅಂದರೆ ದಂಡೆಯ ಗುಡಿಸಲು ಹೋಟೆಲುಗಳಲ್ಲಿ, ಮೀನು ಸುಡುವ ಬೆಂಕಿಯೂ ಅದೇ ತೀರದ್ದೇ. ಅದನ್ನು ಯಾರೂ ಉಪದ್ರವ ಎನ್ನುವುದಿಲ್ಲ, ಏಕೆಂದರೆ ಅದಕ್ಕೆ ಗೊತ್ತಾದ ಜಾಗವಿದೆ, ಹೊಣೆ ಹೊತ್ತ ಹೆಸರಿದೆ. ಆ ನ್ಯಾಯವನ್ನೇ ಕುಟುಂಬದ ಒಲೆಗೂ ವಿಸ್ತರಿಸಬೇಕು ಎಂಬುದು ನನ್ನ ವಾದ.

ಅಡುಗೆ ತಾವೇ ಮಾಡಿಕೊಳ್ಳುವವರಿಂದ ಊರಿಗೆ ಕವಡೆ ಲಾಭವಿಲ್ಲ ಎಂಬ ಆಕ್ಷೇಪ ಕಲಂಗೂಟಿನಂಥ ಪಂಚಾಯಿತಿಗಳಿಂದ ಮತ್ತೆ ಮತ್ತೆ ಬರುತ್ತದೆ. ಕಸ ಎತ್ತುವ ಖರ್ಚು ಪಂಚಾಯಿತಿಯದು, ಹಾಗಾಗಿ ಆ ಸಿಟ್ಟು ನ್ಯಾಯವಾದದ್ದೇ. ಆದರೆ ಗೋವಾದ ಹೋಟೆಲಿನ ಸಾಂಬಾರಿಗೆ ಬೀಳುವ ಟೊಮೆಟೊ, ಬದನೆಯೂ ಬಹುಪಾಲು ಬೆಳಗಾವಿಯ ಮಾರುಕಟ್ಟೆಯಿಂದಲೇ ಘಟ್ಟ ಇಳಿದು ಬರುತ್ತದೆ. ಅದೇ ಹೊಲದ ರೈತ ಮಕ್ಕಳಿಗೆ ಒಮ್ಮೆ ಕಡಲು ತೋರಿಸಲು ಬಂದು ಬುತ್ತಿ ಬಿಚ್ಚಿದರೆ ಅವನನ್ನು ಬಿಟ್ಟಿ ಅತಿಥಿ ಎನ್ನುವುದು ಲೆಕ್ಕಕ್ಕೂ ಕೂಡಿಬರುವುದಿಲ್ಲ, ಮನಸ್ಸಿಗೂ ಒಪ್ಪುವುದಿಲ್ಲ. ಹಾಗೆಂದು ನಮ್ಮವರ ವಕಾಲತ್ತೂ ಪೂರ್ತಿ ನಿಲ್ಲುವಂಥದ್ದಲ್ಲ. ಹತ್ತು ಮಂದಿಯ ಮನೆಗೆ ಹೋಟೆಲೂಟ ದುಬಾರಿ, ಮೀನಿನ ವಾಸನೆ ಒಗ್ಗದ ಮುದುಕರಿರುತ್ತಾರೆ, ಎಲ್ಲ ನಿಜ. ಆದರೆ ಕೈಯಲ್ಲಿ ಕಾಸಿಲ್ಲವೆಂಬುದು ಬೇರೆಯವರ ಊರಲ್ಲಿ ಎಂಜಲು ಚೆಲ್ಲುವುದಕ್ಕೆ ಕಾರಣವಾಗದು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಟ್ಟಿಕೊಂಡರೆ ನಾಲ್ಕು ದಿನ ಒಲೆಯ ಹಂಗೇ ಬೇಕಿಲ್ಲ, ಇಂಥ ಬುತ್ತಿಯ ಜಾಣ್ಮೆ ಇರುವ ನಾಡು ನಮ್ಮದು. ಹಾಗಿದ್ದರೆ ಒಲೆಯೇ ಬೇಡವಲ್ಲ ಎಂದರೆ, ಹಸುಗೂಸಿಗೆ ಬಿಸಿನೀರು, ಹಿರಿಯರಿಗೆ ಮೆತ್ತನೆಯ ಅನ್ನ ಬೇಕೇ ಬೇಕು. ಜೊತೆಗೆ, ಹೊರಗೆ ಒಲೆ ಹೂಡಿದಾಗ ಮನೆಯ ಗಂಡಸರೂ ಈರುಳ್ಳಿ ಹೆಚ್ಚಲು, ನೀರು ಹೊರಲು ಇಳಿಯುತ್ತಾರೆ. ಅಡುಗೆಮನೆಯಲ್ಲಿ ಒಬ್ಬಳೇ ಹೆಂಗಸು ಹೊರುವ ಕೆಲಸ ಬಯಲಲ್ಲಿ ಎಲ್ಲರಿಗೂ ಹಂಚಿಹೋಗುತ್ತದೆ. ಈ ಪದ್ಧತಿಯನ್ನು ಉಳಿಸಿಕೊಳ್ಳಬೇಕು ಅನ್ನಿಸುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಮಾಡಬೇಕಾದ್ದು ದೊಡ್ಡ ಯೋಜನೆಯೇನಲ್ಲ. ತೀರದಿಂದ ದೂರ, ಬಸ್ಸು ನಿಲ್ಲುವ ಜಾಗದ ಮಗ್ಗುಲಲ್ಲಿ, ಗಾಳಿಗೆ ಅಡ್ಡ ಗೋಡೆಯಿರುವ ಒಲೆಕಟ್ಟೆಗಳು, ನಲ್ಲಿ, ಮುಸುರೆ ನೀರು ಇಂಗಲು ಗುಂಡಿ, ಕಸದ ತೊಟ್ಟಿ ಇಷ್ಟಿದ್ದರೆ ಸಾಕು. ಬಂದವರಿಂದ ಬಾಡಿಗೆಯ ಜೊತೆ ಒಂದಿಷ್ಟು ಠೇವಣಿ ಇಡಿಸಿಕೊಂಡು, ಕಟ್ಟೆ ತೊಳೆದು ಒಪ್ಪಿಸಿದ ಮೇಲೆ ಠೇವಣಿ ಹಿಂತಿರುಗಿಸಬೇಕು. ಮರಳಿ ಬರುವ ಅಗತ್ಯ ಅಂಗಳದ ಒಲೆಯಲ್ಲಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಠೇವಣಿ ಮಾಡುತ್ತದೆ. ಜಾಗ ಮಾಡಿಕೊಟ್ಟರೆ ಇನ್ನಷ್ಟು ಬಸ್ಸು ಬಂದಾವು ಎಂಬ ಭಯ ಇದ್ದರೆ ಕಟ್ಟೆಗಳ ಲೆಕ್ಕವನ್ನೇ ಮಿತಿಯಾಗಿಟ್ಟು, ಮುಂಚಿತವಾಗಿ ಕಾಯ್ದಿರಿಸಿದವರಿಗೆ ಮಾತ್ರ ಕೊಡಬಹುದು. ಎಲ್ಲಮ್ಮನ ಗುಡ್ಡದಲ್ಲಿ ಜಾತ್ರೆ ಮುಗಿದ ಮೇಲೆ ಉಳಿಯುವ ಕಸ, ನೀರಿನ ತತ್ವಾರ ನೋಡಿದರೆ ಬರೀ ಜಾಗ ಬಿಟ್ಟುಕೊಟ್ಟರೆ ಸಾಲದೆಂಬುದೂ ತಿಳಿಯುತ್ತದೆ. ಅಲ್ಲಿಗೂ ಇಂಥ ಕಟ್ಟೆ, ಗುಂಡಿ, ಠೇವಣಿ ಬೇಕು. ದೇವಸ್ಥಾನಗಳ ಸುತ್ತ ಅಗ್ರಶಾಲೆ ಕಟ್ಟಿ, ದೂರದಿಂದ ಬಂದ ಕುಳಾವಿಗಳಿಗೆ, ಅಂದರೆ ಕುಲದೇವರ ಒಕ್ಕಲಿನವರಿಗೆ, ತಂಗುವ ವ್ಯವಸ್ಥೆ ಮಾಡಿಕೊಟ್ಟ ಗೋವಾಕ್ಕೆ ಒಲೆಕಟ್ಟೆ ಹೊಸ ವಿಚಾರವಾಗಬಾರದು. ಕರ್ನಾಟಕದ ಕಡೆಯ ಪಾಲೂ ಇದೆ. ಪ್ರವಾಸ ಕರೆದೊಯ್ಯುವವರು ಪ್ರಯಾಣಿಕರು ತುಂಬಿದ ಬಸ್ಸಿನಲ್ಲಿ ಸಿಲಿಂಡರು ಹೇರುವುದನ್ನು ಬಿಟ್ಟು ಕಟ್ಟೆಯಲ್ಲೇ ಸೌದೆಯನ್ನೋ ಗ್ಯಾಸನ್ನೋ ಕೊಳ್ಳಬೇಕು. ಚೋರ್ಲಾ, ಅನಮೋಡ ಘಟ್ಟ ಇಳಿಯುವ ಮೊದಲೇ ಆಮೆಯ ತೀರ ಯಾವುದು, ಒಲೆಯ ಜಾಗ ಯಾವುದು ಎಂದು ಕನ್ನಡದಲ್ಲಿ ಬರೆದ ಫಲಕ ಕಣ್ಣಿಗೆ ಬೀಳುವಂತೆ ಎರಡೂ ಸರ್ಕಾರಗಳು ಕೂಡಿ ಮಾಡಬೇಕು.