ಪರೋಕ್ಷೋಕ್ತಿಯಲ್ಲಿ ಕಾಲವಿಚಾರ

ಪ್ರತ್ಯಕ್ಷೋಕ್ತಿಯನ್ನು ಪರೋಕ್ಷೋಕ್ತಿಯಾಗಿ ಮಾರ್ಪಡಿಸುವ ವಿಧಾನವನ್ನು ಶಾಲೆಯ ಇಂಗ್ಲಿಷ್ ವ್ಯಾಕರಣಗಳು ಕೋಷ್ಟಕರೂಪವಾಗಿ ಬೋಧಿಸುತ್ತವೆ: ಹೇಳಿಕೆಯ ಕ್ರಿಯಾಪದವು ಭೂತಕಾಲದಲ್ಲಿದ್ದರೆ ಒಳವಾಕ್ಯದ ವರ್ತಮಾನವೂ ಭೂತವಾಗತಕ್ಕದ್ದು, 'ಈಸ್' ಎಂಬುದು 'ವಾಸ್' ಆಗತಕ್ಕದ್ದು. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಾಗಲಿ ನೆರೆಯ ಹರಿಹರದಲ್ಲಾಗಲಿ ಇದನ್ನು ಕಲಿಯುವ ಕನ್ನಡದ ವಿದ್ಯಾರ್ಥಿಗೆ ಕೋಷ್ಟಕವೇನೋ ಕಂಠಸ್ಥವಾಗಬಹುದು. ಕಾಲವೇಕೆ ಬದಲಾಗಬೇಕೆಂಬುದಕ್ಕೆ ಅದರಲ್ಲಿ ಸಮಾಧಾನವಿಲ್ಲ. ಇದರ ಫಲವನ್ನು ಉಣ್ಣುವುದು ನಮ್ಮ ಭಾಷಾಂತರ.

'ರಾಮ ಸೆಡ್ ದಟ್ ಹೀ ವಾಸ್ ಇಲ್' ಎಂಬುದನ್ನು 'ತನಗೆ ಕಾಯಿಲೆಯಾಗಿತ್ತೆಂದು ರಾಮನು ಹೇಳಿದನು' ಎಂದು ಬರೆದರೆ, ಮಾತನಾಡುವುದಕ್ಕೆ ಮೊದಲೇ ಕಾಯಿಲೆಯು ವಾಸಿಯಾಗಿತ್ತೆಂಬ ಭಾವವು ಹೊರಡುತ್ತದೆ. ಆ ಭಾವಕ್ಕೆ ಇಂಗ್ಲಿಷಿನಲ್ಲಿ 'ಹ್ಯಾಡ್ ಬೀನ್' ಎಂಬ ಬೇರೆಯ ರೂಪವಿದೆ. ಇಲ್ಲಿ ಬೇಕಾದುದು 'ಕಾಯಿಲೆಯಾಗಿದೆಯೆಂದು'. ಕನ್ನಡವು ಒಳವಾಕ್ಯದ ಕಾಲವನ್ನು ಮೂಲವಕ್ತೃವು ನುಡಿದ ಕ್ಷಣದಿಂದ ಎಣಿಸುತ್ತದೆ. ಇಂಗ್ಲಿಷು ಅದನ್ನು ತಿಳಿಸುವವನ ಕ್ಷಣದಿಂದ ಎಣಿಸುತ್ತದೆ. ಸಂಸ್ಕೃತದ 'ಇತಿ', ತಮಿಳಿನ 'ಎನ್ಱು', ತೆಲುಗಿನ 'ಅನಿ' ಇವೂ ನಮ್ಮ 'ಎಂದು'ವಿನ ಪಕ್ಷದವೇ. ಯೆಸ್ಪರ್ಸನ್ ಪಂಡಿತರು ಇಂಗ್ಲಿಷಿನ ಈ ಹಿಂಜರಿಕೆಗೆ ಪ್ರತ್ಯೇಕವಾದ ಹೆಸರನ್ನೇ ಕೊಟ್ಟರು. ಭೂಮಿಯು ಸೂರ್ಯನನ್ನು ಸುತ್ತುತ್ತದೆಂಬಂತಹ ವಾಕ್ಯದಲ್ಲಿ ಕಾಲವು ಬದಲಾಗದಿರುವುದನ್ನು ಉಪಾಧ್ಯಾಯರು ಅಪವಾದವೆನ್ನುತ್ತಾರೆ. ಅದು ಅಪವಾದವಲ್ಲ, ಮಾತು ತನ್ನ ಕಾಲಕ್ಕೂ ಸತ್ಯವೆಂದು ತಿಳಿಸುವವನು ಒಪ್ಪುವುದರಿಂದ ವರ್ತಮಾನವು ನಿಲ್ಲುತ್ತದೆ.

ಇದಕ್ಕಿಂತ ಸ್ವಾರಸ್ಯವಾದುದು ಪುರುಷದ ವಿಚಾರ. ಇಂಗ್ಲಿಷಿನ 'ಹೀ' ರಾಮನೋ ಮತ್ತೊಬ್ಬನೋ ಎಂಬುದನ್ನು ಸಂದರ್ಭದಿಂದ ಊಹಿಸಬೇಕು. 'ತಾನು ಬರುತ್ತೇನೆಂದು ರಾಮನು ಹೇಳಿದನು', 'ಅವನು ಬರುತ್ತಾನೆಂದು ರಾಮನು ಹೇಳಿದನು' ಎಂಬಲ್ಲಿ ಸಂದೇಹಕ್ಕೆ ಎಡೆಯಿಲ್ಲ. 'ತಾನು' ಎಂಬುದರೊಡನೆ ಉತ್ತಮಪುರುಷದ ಪ್ರತ್ಯಯವು ಬರುವುದು ಪುರುಷದೋಷವೆಂದು ಕೆಲವರಿಗೆ ತೋರಬಹುದು. ಈ ಆಕ್ಷೇಪಣೆಯು ಇಂಗ್ಲಿಷಿನ ಎರಡು ಪೆಟ್ಟಿಗೆಗಳಲ್ಲಿ ಕನ್ನಡವನ್ನು ತುಂಬಲು ಹೊರಟುದರ ಪರಿಣಾಮ. ಇಲ್ಲಿ ಸರ್ವನಾಮವು ತಿಳಿಸುವವನದು, ಕ್ರಿಯಾಪ್ರತ್ಯಯವು ಆಡಿದವನದು. ಅರ್ಧ ಪರೋಕ್ಷ, ಅರ್ಧ ಪ್ರತ್ಯಕ್ಷ. 'ಎಂದು' ಎಂಬುದು 'ಎನ್' ಧಾತುವಿನ ಕೃದಂತಾವ್ಯಯವಾದುದರಿಂದ ಆಡಿದವನ ದನಿಯು ಅದರೊಳಗೆ ಉಳಿದೇ ಇರುತ್ತದೆ.

ಇಂಗ್ಲಿಷಿನ ಪರೋಕ್ಷೋಕ್ತಿಗೆ ನಿಜವಾಗಿ ಹತ್ತಿರವಾದುದು 'ತಾನು ಬರುವುದಾಗಿ ಹೇಳಿದನು' ಎಂಬ ರಚನೆ. ಇದರಲ್ಲಿ ಪುರುಷಪ್ರತ್ಯಯವು ಅಳಿದು ಆಡಿದವನ ದನಿಯೂ ಅಡಗುತ್ತದೆ. (ವೃತ್ತಪತ್ರಿಕೆಗಳಿಗೆ ಇದು ಪ್ರಿಯವಾಗಿರುವುದು ಸಹಜ, ಮಾತುಗಳ ಹೊಣೆಯಿಲ್ಲದೆ ಸಾರವನ್ನು ಮಾತ್ರ ಹೇಳಬಹುದಷ್ಟೆ.) ಇಲ್ಲಿಯೂ ಕಾಲವು ಹಿಂಜರಿಯುವುದಿಲ್ಲವೆಂಬುದು ಗಮನಾರ್ಹ: ಬರಲಿರುವವನು 'ಬರುವುದಾಗಿ' ಹೇಳುತ್ತಾನೆ, ಬಂದವನು 'ಬಂದುದಾಗಿ'. ಉಪಾಧ್ಯಾಯರು ಕೋಷ್ಟಕಕ್ಕೆ ಮೊದಲು ಈ ಎರಡು ರೂಪಗಳನ್ನು ಹಲಗೆಯ ಮೇಲೆ ಬರೆದರೆ, 'ವಾಸ್' ಎಂಬುದು ಕಾಯಿಲೆಯ ಕಾಲವನ್ನಲ್ಲ, ತಿಳಿಸುವವನ ನಿಲುವನ್ನು ಸೂಚಿಸುತ್ತದೆಂಬುದನ್ನು ಬಾಲಕನು ತಾನಾಗಿಯೇ ಕಂಡುಕೊಳ್ಳುವನು.