ಭಜ್ಜಿಯ ಸಂತೆ ಮತ್ತು ಕೊಸರು

ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಕಾಯಿಪಲ್ಯೆಯನ್ನು ಯಾವ ಹೊತ್ತಿಗೆ ಕೊಂಡರೆ ಲಾಭ ಎಂಬ ಚರ್ಚೆ ಪ್ರತಿ ವರ್ಷ ನಡೆಯುತ್ತದೆ, ಈ ವಾರದ ಅಂಕಣವೂ ಅದಕ್ಕೇ ಮೀಸಲಾಗಬೇಕಿತ್ತು. ಉತ್ತರ ಚಿಕ್ಕದು: ಬೆಳಿಗ್ಗೆ ಭಾವ ಏರಿರುತ್ತದೆ, ಸರಕು ತಾಜಾ ಇರುತ್ತದೆ, ಸಂಜೆ ಮಾರುವವರು ಊರಿಗೆ ಮರಳುವ ಅವಸರದಲ್ಲಿರುವುದರಿಂದ ಭಾವ ಇಳಿಯುತ್ತದೆ, ಆದರೆ ಅಷ್ಟರಲ್ಲಿ ಮೆಂತೆಯ ಸಿವುಡು ಬಾಡಿರುತ್ತದೆ. ಸೊಪ್ಪನ್ನು ಬೆಳಿಗ್ಗೆ, ಸಿಪ್ಪೆಯೊಳಗಿನ ಕಾಳನ್ನು ಸಂಜೆ ಕೊಳ್ಳುವವರು ಎರಡೂ ಕಡೆ ಗೆಲ್ಲುತ್ತಾರೆ. ಇದಕ್ಕಿಂತ ದೊಡ್ಡ ವಿಷಯವೆಂದರೆ ಕೊಸರು, ಅಂದರೆ ತಕ್ಕಡಿ ಇಳಿಸಿದ ಮೇಲೆ ಮಾರುವವರು ಹಣವಿಲ್ಲದೆ ಚೀಲಕ್ಕೆ ಹಾಕುವ ಹಿಡಿಯಷ್ಟು ಹೆಚ್ಚಿನ ಸರಕು.

ಮಾರ್ಗಶಿರದ ಅಮಾವಾಸ್ಯೆಯಂದು ಹಿಂಗಾರಿ ಬೆಳೆ ನಿಂತ ಹೊಲಕ್ಕೆ ಕುಟುಂಬ ಸಮೇತ ಬುತ್ತಿ ಕಟ್ಟಿಕೊಂಡು ಹೋಗಿ, ಭೂಮಿತಾಯಿಯನ್ನು ಪೂಜಿಸಿ, ಚರಗ ಚೆಲ್ಲಿ, ಎಂದರೆ ಅಡುಗೆಯ ಮೊದಲ ಪಾಲನ್ನು ಬೆಳೆಯ ನಡುವೆ ಎರಚಿ ಉಣ್ಣುವುದು ಈ ಭಾಗದ ರೂಢಿ. ಹೊಲವಿಲ್ಲದ ನಗರದ ಮನೆಗಳು ಬಂಧುಗಳ ಹೊಲಕ್ಕೋ ಊರ ಉದ್ಯಾನಕ್ಕೋ ಹೋಗುತ್ತವೆ. ಶೇಂಗಾ ಹೋಳಿಗೆ, ಸಜ್ಜೆಯ ರೊಟ್ಟಿ, ಹಬೆಯಲ್ಲಿ ಬೆಂದ ಕಡುಬು, ಅಂಬಲಿ ಎಲ್ಲವೂ ಬುತ್ತಿಯಲ್ಲಿರುತ್ತವೆ, ಆದರೂ ಆ ಊಟವನ್ನು ಎತ್ತಿ ಹಿಡಿಯುವುದು ಭಜ್ಜಿ. ಹಸಿ ತೊಗರಿ, ಅವರೆ, ವಟಾಣಿ, ಹಸಿ ಕಡಲೆ ಮೊದಲು ಬೇಯುತ್ತವೆ. ಆಮೇಲೆ ಬದನೆ, ಗಜ್ಜರಿ, ಉಳ್ಳಾಗಡ್ಡಿ ತಪ್ಪಲು, ಮೆಂತೆ, ಪಾಲಕ, ಪುಂಡಿ ಸೇರುತ್ತವೆ. ಹುಣಸೆ ರಸದಲ್ಲಿ ಕದಡಿದ ಕಡಲೆಹಿಟ್ಟು ಇವೆಲ್ಲವನ್ನೂ ಹಿಡಿದುಕೊಂಡ ಮೇಲೆ ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯ ಒಗ್ಗರಣೆ ಬೀಳುತ್ತದೆ.

ಇಷ್ಟು ಬಗೆಯ ಸರಕನ್ನು ಪಾವ್ ಕಿಲೋದಂತೆ ಕೊಂಡರೂ ಒಂದು ಮನೆಯ ಪಾತ್ರೆಗೆ ಅದು ವಿಪರೀತವಾಗುತ್ತದೆ. ಭಜ್ಜಿ ಬೇಡುವುದು ಹಲವನ್ನು, ಆದರೆ ಸ್ವಲ್ಪ ಸ್ವಲ್ಪ, ಮತ್ತು ಕೊಸರು ಅದನ್ನೇ ಪೂರೈಸುತ್ತದೆ. ಬದನೆ ಕೊಂಡವರಿಗೆ ಮಾರುವವಳು ನಾಲ್ಕು ಎಳೆ ಪುಂಡಿಯನ್ನೋ, ಗೋಣಿತಟ್ಟಿನ ಅಂಚಿನಲ್ಲಿ ಉಳಿದ ಕಡಲೆಯ ಕುಡಿಯನ್ನೋ, ಒಂದು ಹಿಡಿ ಬಾರಿಹಣ್ಣನ್ನೋ ಚೀಲಕ್ಕೆ ಹಾಕುತ್ತಾಳೆ. ಕಡಲೆಯ ಎಳೆ ಎಲೆಯ ಮೇಲಿನ ಹುಳಿ ಬೆರಳಿಗೆ ಅಂಟುತ್ತದೆ, ಅದೇ ಹುಳಿ ಮರುದಿನ ಪಾತ್ರೆಯಲ್ಲಿ ಹುಣಸೆಯ ಕೆಲಸವನ್ನು ಅರ್ಧ ಮುಗಿಸುತ್ತದೆ. ಆದುದರಿಂದ ಬಲ್ಲವರು ಎರಡು ರೂಪಾಯಿ ಇಳಿಸಲು ಚೌಕಾಸಿ ಮಾಡದೆ ಹೇಳಿದ ಭಾವ ಕೊಟ್ಟು ಕೊಸರು ಕೇಳುತ್ತಾರೆ, ಅದೂ ಕೊಂಡ ಸರಕಿನದ್ದಲ್ಲ, ಪಕ್ಕದ ರಾಶಿಯದ್ದು. ಹತ್ತು ಅಂಗಡಿ ತಿರುಗಿ ಮನೆಗೆ ಬಂದಾಗ ಹಣ ಕೊಡದ ಆರೇಳು ಬಗೆ ಚೀಲದ ತಳದಲ್ಲಿರುತ್ತವೆ.

ಇದಕ್ಕೆ ನೇರ ವಿರುದ್ಧವಾದದ್ದು ದೊಡ್ಡ ಮಳಿಗೆಗಳ ಹಬ್ಬದ ರಿಯಾಯಿತಿ. ಒಂದು ಕೊಂಡರೆ ಇನ್ನೊಂದು ಉಚಿತ ಎಂಬ ವ್ಯವಹಾರ ಇದ್ದುದನ್ನೇ ಇಮ್ಮಡಿ ಮಾಡುತ್ತದೆಯೇ ಹೊರತು ಇಲ್ಲದ್ದನ್ನು ಸೇರಿಸುವುದಿಲ್ಲ, ಎರಡು ಪೊಟ್ಟಣ ಪಾಲಕದಿಂದ ಯಾವ ಭಜ್ಜಿಯೂ ಆಗದು. ಮುಂಚೆಯೇ ಹೆಚ್ಚಿ ಬೆರೆಸಿಟ್ಟ ಪೊಟ್ಟಣಗಳು ಇನ್ನೂ ಕೆಟ್ಟವು: ತೂಕ ತುಂಬಲೆಂದು ಹಾಕಿದ ಎಲೆಕೋಸು ನೀರು ಬಿಟ್ಟು ಹಿಟ್ಟಿನ ಹಿಡಿತವನ್ನು ಕೆಡಿಸುತ್ತದೆ, ಹೆಚ್ಚಿದ ಮೆಂತೆ ರಾತ್ರಿ ಕಳೆಯುವುದರೊಳಗೆ ಕಪ್ಪಾಗುತ್ತದೆ. ಹಸಿ ತೊಗರಿಯ ಬದಲು ಒಣ ಕಾಳನ್ನು ನೆನೆಸಿ ಹಾಕುವ ಪಾಠವನ್ನೂ ಒಪ್ಪಲಾಗದು. 2019ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಕಲಬುರಗಿ ತೊಗರಿಬೇಳೆ ಸಾರಿಗೆ ಶ್ರೇಷ್ಠ, ಆದರೆ ಭಜ್ಜಿಗೆ ಬೇಕಾದ ಹಸಿರು ಸಿಹಿ ಒಣಗಿದ ಕಾಳಿನಲ್ಲಿ ಉಳಿದಿರುವುದಿಲ್ಲ.

16ನೇ ಶತಮಾನದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವನ್ನು ಇಲ್ಲಿ ನೆನೆಯಲೇಬೇಕು. ಕನ್ನಡದ ಪಾಕಗ್ರಂಥಗಳಲ್ಲಿ ಬಹು ಆದರಣೀಯವಾದ ಅದರಲ್ಲಿ ಬದನೆಯೊಂದನ್ನೇ ಹಲವು ಬಗೆಯಲ್ಲಿ ಮಾಡುವ ವಿಧಾನಗಳಿವೆ, ಒಂದು ಕಾಯಿಯಿಂದ ಅನೇಕ ರುಚಿ ತೆಗೆಯುವ ಶ್ರೀಮಂತ ಪಾಕಶಾಲೆಯ ಜಾಣ್ಮೆ ಅದು. ಭಜ್ಜಿಯ ದಾರಿ ಬೇರೆ: ಹೊಲ ಆ ವಾರ ಕೊಟ್ಟದ್ದನ್ನೆಲ್ಲ ಒಂದೇ ರುಚಿಗೆ ತರುವ ಒಕ್ಕಲಿನ ಅಡುಗೆ ಅದು, ಅದನ್ನು ಯಾವ ಶಾಸ್ತ್ರಗ್ರಂಥದ ಪಕ್ಕದಲ್ಲಾದರೂ ಇಡಬಹುದು.

ಹಣ್ಣಿನ ವಿಷಯದಲ್ಲಿ ಮಾತ್ರ ಕೊಸರಿನ ನಿಯಮ ನಡೆಯದು. ಕಮಲಾಪುರದ ಕೆಂಪು ಬಾಳೆ ಸಾಮಾನ್ಯ ಬಾಳೆಗಿಂತ ಹೆಚ್ಚು ಕಾಲ ತೋಟದಲ್ಲಿ ನಿಂತು ಬೆಳೆಯುವುದರಿಂದ ಅದರ ಭಾವ ಹೆಚ್ಚಾಗಿಯೇ ಇರಬೇಕು, ಅದರ ಮೇಲೆ ಚೌಕಾಸಿ ಮಾಡುವುದು ಬೆಳೆದವರಿಗೆ ಅನ್ಯಾಯ. ಹಬ್ಬಕ್ಕೆ ಕೆಲವು ದಿನ ಮುಂಚೆ ದೋರುಗಾಯಿ ಕೊಂಡು ಮನೆಯಲ್ಲೇ ಮಾಗಿಸುವುದು ಉತ್ತಮ.

ಇನ್ನು ತಿಥಿಯ ಪ್ರಶ್ನೆ. ಎಳ್ಳ ಅಮಾವಾಸ್ಯೆ 2024ರಲ್ಲಿ ಜನವರಿ 11ಕ್ಕೆ ಒಮ್ಮೆ, ಡಿಸೆಂಬರ್ 30ಕ್ಕೆ ಮತ್ತೊಮ್ಮೆ ಬಂದಿತ್ತು; 2025ರಲ್ಲಿ ಡಿಸೆಂಬರ್ 19ಕ್ಕೇ ಬಂತು. ಹಬ್ಬ ಹೀಗೆ ಹಿಂದೆ ಸರಿದಷ್ಟೂ ಕಡಲೆಯ ಸಿಪ್ಪೆಯೊಳಗೆ ಕಾಳು ಎಳಸಾಗಿರುತ್ತದೆ, ತುಂಬಿದ ಕಾಯಿ ಸಿಕ್ಕರೂ ತುಟ್ಟಿಯಾಗಿರುತ್ತದೆ. ಆಗ ಕಾಳಿನ ಪಾಲನ್ನು ತೊಗರಿ, ಅವರೆಗಳಿಗೆ ಬಿಟ್ಟು ಕಡಲೆಯ ಕುಡಿಯನ್ನೇ ಹೆಚ್ಚು ಹಾಕುವುದು ಸರಿ. 2026ರ ಅಧಿಕ ಜ್ಯೇಷ್ಠದಿಂದಾಗಿ ಮುಂದಿನ ಹಬ್ಬ 2027ರ ಜನವರಿ ಮೊದಲ ವಾರಕ್ಕೆ ಸರಿಯುತ್ತದೆ. ಆ ಹೊತ್ತಿಗೆ ಕುಡಿ ಬಲಿತು ಕಾಳು ತುಂಬಿರುವುದರಿಂದ ಕೊಸರಿಗೆ ಕಡಲೆಗಿಡವನ್ನೇ ಕೇಳಬಹುದು.